ಪ್ರಶ್ನೆ ಬರೆದವರ ಹೆಸರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ವಿಶ್ವವಿದ್ಯಾಲಯದ ಅಧ್ಯಾಪಕರ ಸಂಘದ ಅಧ್ಯಕ್ಷರಾದ ಡಾ. ಮಧುಕುಮಾರ್ ಅವರೇ, ವೇದಿಕೆಯ ಮೇಲಿರುವ ಮಾನ್ಯ ಕುಲಸಚಿವರೇ, ಸಂಘದ ಕಾರ್ಯದರ್ಶಿ ಹರ್ಷವರ್ಧನ್ ಅವರೇ, ಹಾಸನದ ಈ ಬಿಸಿಲಿನಲ್ಲಿ ಮಧ್ಯಾಹ್ನದ ಊಟ ಮುಗಿಸಿಯೂ ಎದ್ದುಹೋಗದೆ ಕುಳಿತಿರುವ ಸಹೋದ್ಯೋಗಿಗಳೇ, ಮೊದಲ ಸಾಲಿನಲ್ಲಿ ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ನನ್ನ ಯಜಮಾನರಾದ ನಟರಾಜ್ ಅವರೇ, ಮತ್ತು ಸಭಿಕರೇ,

ನನ್ನ ಬಗ್ಗೆ ಈವರೆಗೆ ಐದು ಜನ ಮಾತನಾಡಿದ್ದಾರೆ. ಐವರೂ ಒಂದೇ ಮಾತು ಹೇಳಿದರು: ಸ್ವರ್ಣಲತಾ ಮೇಡಂ ಸರ್ಕಾರಕ್ಕೆ ಹೆದರಲಿಲ್ಲ, ವಿಶ್ವವಿದ್ಯಾಲಯದ ಸ್ವಾಯತ್ತತೆಯನ್ನು ಉಳಿಸಿದರು. ಕೇಳಲು ಹಿತವಾಗಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಈ ಕಥೆಯನ್ನು ನಾವೆಲ್ಲ ಅರ್ಧಕ್ಕೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಿದ್ದೇವೆ. ಉಳಿದರ್ಧ ನನಗೆ ಮಾತ್ರ ಗೊತ್ತು. ನಿವೃತ್ತಿಯಾಗಲು ನನಗಿನ್ನು ಒಂಬತ್ತು ದಿನ ಇದೆ. ಈಗ ಹೇಳದೆ ಇನ್ನು ಯಾವಾಗ ಹೇಳಲಿ?

ಹೊಸದಾಗಿ ಸೇರಿದವರಿಗಾಗಿ ಮೊದಲಿನಿಂದ ಹೇಳುತ್ತೇನೆ. ಮೂರು ವರ್ಷದ ಹಿಂದೆ ನಾನು ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆ, ಪರೀಕ್ಷಾ ಮಂಡಳಿಯ ಅಧ್ಯಕ್ಷೆ, ಜೊತೆಗೆ ಈ ಸಂಘದ ಅಧ್ಯಕ್ಷೆ. ಆ ಸಲದ ಬಿ.ಎ. ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕದ ಒಂದು ಪ್ರಶ್ನೆ ಬಂತು: ‘ಗ್ರಾಮಸಭೆಯ ಒಪ್ಪಿಗೆ ಪಡೆಯದೆ ಹಳ್ಳಿಯ ಗೋಮಾಳವನ್ನು ಬೇರೆ ಉದ್ದೇಶಕ್ಕೆ ಕೊಡಬಹುದೇ? ನಿಮಗೆ ತಿಳಿದ ಒಂದು ಉದಾಹರಣೆಯೊಂದಿಗೆ ಚರ್ಚಿಸಿ.’ ಇಷ್ಟೇ. ಪ್ರಶ್ನೆಯಲ್ಲಿ ಊರಿನ ಹೆಸರಿರಲಿಲ್ಲ, ಪಕ್ಷದ ಹೆಸರಿರಲಿಲ್ಲ, ಮನುಷ್ಯರ ಹೆಸರಂತೂ ಇರಲೇ ಇಲ್ಲ. ಆದರೂ ಸರ್ಕಾರದಲ್ಲಿದ್ದ ಒಬ್ಬ ದೊಡ್ಡವರಿಗೆ ಅದು ತಮ್ಮನ್ನೇ ಕುರಿತದ್ದು ಎನಿಸಿತು. ನಮ್ಮ ವಿದ್ಯಾರ್ಥಿಗಳಿಗೆ ಹೊಳೆಯದ ಉದಾಹರಣೆ ಅವರಿಗೆ ತಕ್ಷಣ ಹೊಳೆಯಿತು. ಪರೀಕ್ಷೆ ಬರೆದಿದ್ದರೆ ಹತ್ತಕ್ಕೆ ಹತ್ತು ಕೊಡಬಹುದಿತ್ತು.

ವಾರದೊಳಗೆ ಉನ್ನತ ಶಿಕ್ಷಣ ಇಲಾಖೆಯಿಂದ ಪತ್ರ ಬಂತು. ಪ್ರಶ್ನೆ ಬರೆದ ಅಧ್ಯಾಪಕರ ಹೆಸರನ್ನು ತಿಳಿಸಬೇಕು, ಅವರ ಮೇಲೆ ಕೈಗೊಂಡ ಕ್ರಮವನ್ನು ವರದಿ ಮಾಡಬೇಕು. ನಮ್ಮ ಪರೀಕ್ಷಾ ನಿಯಮದ ಪ್ರಕಾರ ಪ್ರಶ್ನೆಪತ್ರಿಕೆ ತಯಾರಿಸಿದವರ ಹೆಸರು ಗೌಪ್ಯ. ಅದು ಗೊತ್ತಿರುವುದು ಮಂಡಳಿಯ ಅಧ್ಯಕ್ಷರಿಗೆ ಮಾತ್ರ. ಪ್ರಶ್ನೆ ಅನುಚಿತ ಎನಿಸಿದರೆ ಹೊಣೆ ಮಂಡಳಿಯದು, ಮಂಡಳಿಯ ಪರವಾಗಿ ನಾನಿದ್ದೇನೆ, ಹೆಸರು ಕೊಡಲಾಗದು ಎಂದು ಎರಡು ಸಾಲಿನ ಉತ್ತರ ಬರೆದೆ. ಬರೆಯುವಾಗ ಹೆದರಲಿಲ್ಲ. ಇದರಿಂದ ಏನೇನಾಗುತ್ತದೆ ಎಂದು ಗೊತ್ತಿರಲಿಲ್ಲ, ಅದಕ್ಕೇ ಹೆದರಲಿಲ್ಲ.

ಇಂದು ಆ ಹೆಸರನ್ನು ಹೇಳುತ್ತೇನೆ. ಗೌಪ್ಯತೆ ಇರುವುದು ಬರೆದವರ ರಕ್ಷಣೆಗೆ. ಅವರೇ ಕಳೆದ ತಿಂಗಳು ‘ಹೇಳಿ’ ಎಂದು ನನಗೆ ಲಿಖಿತವಾಗಿ ಕೊಟ್ಟಿದ್ದಾರೆ. ಆ ಪ್ರಶ್ನೆ ಬರೆದವರು ನಮ್ಮ ವಿಭಾಗದಲ್ಲಿ ಏಳು ವರ್ಷ ಅತಿಥಿ ಉಪನ್ಯಾಸಕರಾಗಿದ್ದ ಸಿದ್ದೇಶ. ಹೊಳೆನರಸೀಪುರದಿಂದ ದಿನವೂ ಬೆಳಗಿನ ರೈಲಿನಲ್ಲಿ ಬರುತ್ತಿದ್ದರಲ್ಲ, ಕೈಯಲ್ಲಿ ಯಾವಾಗಲೂ ಪಂಚಾಯತ್ ರಾಜ್ ಕಾಯ್ದೆಯ ಪುಸ್ತಕ ಹಿಡಿದಿರುತ್ತಿದ್ದರಲ್ಲ, ಅವರು. ನಿಮ್ಮಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೀರಿ. ಅನುಮಾನ ಹರ್ಷವರ್ಧನ್ ಅವರ ಮೇಲಿತ್ತು, ನನಗೆ ಗೊತ್ತು. ಪಾಪ, ಅವರು ಅಂಥ ತಪ್ಪು ಮಾಡುವವರಲ್ಲ.

ಪತ್ರದ ಸುದ್ದಿ ಹರಡಿದ ಭಾನುವಾರವೇ ಸಿದ್ದೇಶ ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದರು: “ಮೇಡಂ, ನಾನೇ ಹೋಗಿ ಹೇಳ್ಬುಡ್ತೀನಿ. ನಂದು ಹೆಂಗಿದ್ರೂ ವರ್ಷವರ್ಷ ಹೊಸದಾಗಿ ಕೊಡೋ ಹತ್ತು ತಿಂಗಳ ಕೆಲಸ. ನಿಮ್ಮಂಥೋರು ಯಾಕೆ ನನ್ನಿಂದ ತೊಂದ್ರೆ ತಗೋಬೇಕು?”

“ಅದು ನಿಮ್ಮ ಹೆಸರಿನ ಪ್ರಶ್ನೆಯಲ್ಲ ಸಿದ್ದೇಶ. ಇವತ್ತು ನಿಮ್ಮ ಹೆಸರು ಕೊಟ್ರೆ ನಾಳೆ ಯಾರೂ ಪ್ರಶ್ನೆ ಬರೆಯಕ್ಕೇ ಒಪ್ಪಲ್ಲ. ಸುಮ್ನೆ ಪಾಠ ಮಾಡ್ಕೊಂಡಿರಿ. ಸಂಘ ಇದೆ” ಎಂದೆ.

“ಸರಿ ಮೇಡಂ” ಎಂದು ಕಾಫಿ ಕುಡಿದು ಹೋದರು. ‘ಸಂಘ ಇದೆ’ ಎಂದು ಎಷ್ಟು ಸಲೀಸಾಗಿ ಹೇಳಿದ್ದೆ! ಅದನ್ನು ಮುಂದೆ ಹೇಳುತ್ತೇನೆ.

ನನ್ನ ಯಜಮಾನರು ಹಾಸನದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರು. ಜುಲೈ ತಿಂಗಳಲ್ಲಿ, ಶಾಲೆ ಶುರುವಾದ ಮೇಲೆ, ಅವರೊಬ್ಬರಿಗೇ ವರ್ಗಾವಣೆ ಆದೇಶ ಬಂತು. ಅರಕಲಗೂಡು ತಾಲ್ಲೂಕಿನ ಕೊನೆಯ ಹಳ್ಳಿಗೆ. ಅದು ಯಾಕೆ ಬಂತೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದೇಶದ ಪ್ರತಿಯನ್ನು ಊಟದ ಮೇಜಿನ ಮೇಲಿಟ್ಟು ಕೇಳಿದರು: “ನಿನ್ ಸ್ವಾಯತ್ತತೆಗೆ ನಾನು ಎರಡು ಬಸ್ ಹತ್ಬೇಕಾ?”

ಆಮೇಲೆ ಹನ್ನೆರಡು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಇವರು ಬೆಳಿಗ್ಗೆ ಆರೂಕಾಲಿಗೆ ಡಬ್ಬಿ ಹಿಡಿದು ಹೊರಡುತ್ತಿದ್ದರು, ಸಂಜೆ ಏಳಕ್ಕೆ ಧೂಳು ಹೊತ್ತು ಬರುತ್ತಿದ್ದರು. ನಟರಾಜ್ ಅವರೇ, ಈಗ ತಲೆ ತಗ್ಗಿಸಬೇಡಿ. ನೀವು ಕೇಳಿದ್ದರಲ್ಲಿ ತಪ್ಪೇನಿತ್ತು? ಅಧ್ಯಕ್ಷೆ ನಾನು, ಬಸ್ಸಿನಲ್ಲಿ ನಿಂತುಕೊಂಡು ಹೋದವರು ನೀವು.

ಆ ಹನ್ನೆರಡು ದಿನದ ಕೊನೆಯಲ್ಲಿ ನನ್ನನ್ನು ಬೆಂಗಳೂರಿಗೆ ಕರೆಸಿದರು. ಅಲ್ಲಿ ನಡೆದದ್ದನ್ನು ನಾನು ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಒಬ್ಬ ಅಧಿಕಾರಿ, ಬಹಳ ಸೌಜನ್ಯದವರು, ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು. “ಮೇಡಂ, ಒಂದು ಹೆಸರು ಅಷ್ಟೇ. ನಿಮ್ಮ ಸಹಿ ಕೂಡ ಬೇಡ. ನೀವು ಊರು ತಲುಪೋದ್ರೊಳಗೆ ನಿಮ್ಮ ಯಜಮಾನ್ರ ಆರ್ಡರ್ ಕ್ಯಾನ್ಸಲ್ ಆಗಿರುತ್ತೆ” ಎಂದರು.

ಸಭಿಕರೇ, ನಾನು ಪೆನ್ನಿನ ಮುಚ್ಚಳ ತೆಗೆದೆ.

ಹೌದು, ತೆಗೆದೆ. ಹಾಳೆಯನ್ನು ಹತ್ತಿರಕ್ಕೂ ಎಳೆದುಕೊಂಡೆ. ಅಷ್ಟರಲ್ಲಿ ಅವರಿಗೊಂದು ಫೋನು ಬಂತು. ಕುರ್ಚಿಯಿಂದ ಅರ್ಧ ಎದ್ದು, “ಆಯ್ತು ಸಾರ್. ಇಲ್ಲೇ ಇದಾರೆ ಸಾರ್. ಬರೀತಿದಾರೆ ಸಾರ್” ಎಂದರು. ಆ ‘ಬರೀತಿದಾರೆ’ ಎನ್ನುವುದು ನನ್ನನ್ನು ಕುರಿತದ್ದು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಪೆನ್ನು ಮುಚ್ಚಿ ಬ್ಯಾಗಿಗೆ ಹಾಕಿಕೊಂಡೆ, ನಮಸ್ಕಾರ ಹೇಳಿ ಎದ್ದು ಬಂದೆ. ಆ ಫೋನು ಎರಡು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು? ನೀವು ಈಗ ಹೊಗಳಿದ ಧೈರ್ಯ ಎಲ್ಲಿರುತ್ತಿತ್ತು? ನನಗೆ ನಿಜವಾಗಿಯೂ ಗೊತ್ತಿಲ್ಲ.

ನಾಲ್ಕನೆಯ ದಿನ ಅಮಾನತಿನ ಆದೇಶ ಬಂತು.

ಮುಂದಿನದು ನಿಮಗೆಲ್ಲ ಗೊತ್ತಿದೆ. ಮೌಲ್ಯಮಾಪನ ಬಹಿಷ್ಕರಿಸೋಣ ಎಂದು ಹಲವರು ಹೇಳಿದಿರಿ. ವಿದ್ಯಾರ್ಥಿಗಳ ಫಲಿತಾಂಶವನ್ನು ಅಡವಿಡಬಾರದು ಎಂದು ನಾನು ಹಟ ಹಿಡಿದೆ. ಕೊನೆಗೆ, ಒಂದು ತರಗತಿಯನ್ನೂ ತಪ್ಪಿಸದೆ, ಸಂಜೆ ನಾಲ್ಕೂವರೆಯಿಂದ ಆರರವರೆಗೆ ಆಡಳಿತ ಕಚೇರಿಯ ಮೆಟ್ಟಿಲ ಮುಂದೆ ಧರಣಿ ಕೂರುವುದೆಂದು ತೀರ್ಮಾನವಾಯಿತು. ಮೂವತ್ತೊಂದು ದಿನ ಕುಳಿತಿರಿ. ಮಂಡಿನೋವಿನವರೂ ಕುಳಿತಿರಿ, ನನಗೆ ಮತ ಹಾಕದವರೂ ಕುಳಿತಿರಿ. ಆ ಋಣ ನನ್ನ ಮೇಲಿದೆ.

ಅಮಾನತಿನಲ್ಲಿದ್ದಾಗ ಹಗಲು ಹೊತ್ತು ದುದ್ದದ ನಮ್ಮಣ್ಣನ ಮನೆಗೆ ಹೋಗುತ್ತಿದ್ದೆ. ನಮ್ಮವ್ವ ಕೃಷ್ಣಮ್ಮನಿಗೆ ಆಗ ಎಂಬತ್ತು ದಾಟಿತ್ತು. ಅವಳ ಲೆಕ್ಕದಲ್ಲಿ ವಿಶ್ವವಿದ್ಯಾಲಯವೂ ಇಸ್ಕೂಲೇ. ಅವರೆಕಾಯಿ ಬಿಡಿಸುತ್ತ ಕೇಳಿದಳು: “ಯಾಕವ್ವ, ಇಸ್ಕೂಲಿಗೆ ಓಗಾಕಿಲ್ವಾ?”

“ಬರಬ್ಯಾಡ ಅಂದವ್ರೆ ಕಣವ್ವ. ಒಂದು ಹೆಸ್ರು ಕೇಳುದ್ರು, ನಾನು ಹೇಳ್ನಿಲ್ಲ.”

“ಯಾರ್ದು?”

“ನಿಂಗೂ ಹೇಳಾಕಿಲ್ಲ.”

ಅವ್ವ ನಕ್ಕುಬಿಟ್ಟಳು. “ಅಂಗಾರೆ ಬುಡು. ಅವರ್ಗೂ ಇಲ್ಲ, ನಂಗೂ ಇಲ್ಲ. ಕಾಯಿ ಬುಡ್ಸು” ಎಂದಳು. ನಮ್ಮಪ್ಪ ದೊಡ್ಡಬೀರಯ್ಯ ಕುರಿ ಕಾಯುತ್ತಿದ್ದವನು. ಊರಿನ ಸಭೆಯಲ್ಲಿ ಒಮ್ಮೆ ಗೋಮಾಳದ ಮಾತೆತ್ತಿದ್ದಕ್ಕೆ ‘ಕುಂತ್ಕಳಲಾ’ ಎನ್ನಿಸಿಕೊಂಡು ಕುಳಿತವನು, ಆಮೇಲೆ ಯಾವ ಸಭೆಗೂ ಹೋಗಲಿಲ್ಲ. ಸಿದ್ದೇಶ ಅವರ ಆ ಪ್ರಶ್ನೆಯನ್ನು ಕರಡಿನಲ್ಲಿ ಓದಿದಾಗ ಅದನ್ನು ತೆಗೆದುಬಿಡಿ ಎಂದು ನಾನು ಹೇಳದೆ ಇದ್ದದ್ದಕ್ಕೆ ಅಪ್ಪನೂ ಒಂದು ಕಾರಣವಿರಬೇಕು.

ಧರಣಿಯ ಮೂವತ್ತೊಂದು ದಿನವೂ ಸಿದ್ದೇಶ ಬಂದರು, ಕೊನೆಯ ಸಾಲಿನಲ್ಲಿ ಕುಳಿತರು. ಸಂಜೆಯ ರೈಲು ತಪ್ಪಿಸಿಕೊಂಡು ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದರು. ಧರಣಿಯ ಹಾಜರಿ ಪುಸ್ತಕದಲ್ಲಿ ಅವರ ಸಹಿ ಒಂದು ದಿನವೂ ಇಲ್ಲ. ಸಹಿ ಹಾಕಲು ಸಂಘದ ಸದಸ್ಯತ್ವ ಸಂಖ್ಯೆ ಬೇಕಿತ್ತು, ಅತಿಥಿ ಉಪನ್ಯಾಸಕರಿಗೆ ಸದಸ್ಯತ್ವ ಇಲ್ಲ. ಅದನ್ನು ನಾನು ಆಗ ಗಮನಿಸಲೂ ಇಲ್ಲ.

ಸಿಂಡಿಕೇಟ್ ಸಭೆ ಸೇರಿತು. ಹೆಸರು ಕೊಡುವ ಅಗತ್ಯವಿಲ್ಲ ಎಂದು ನಿರ್ಣಯ ಮಾಡಿತು, ನನ್ನ ಅಮಾನತು ರದ್ದಾಯಿತು, ಇಲಾಖೆ ಪತ್ರವನ್ನು ಹಿಂತೆಗೆದುಕೊಂಡಿತು. ಮುಂದಿನ ವರ್ಷ ನನ್ನ ಯಜಮಾನರೂ ಹಾಸನಕ್ಕೆ ಮರಳಿದರು. ನೀವು ನನಗೆ ಸೇಬಿನ ಹಾರ ಹಾಕಿದಿರಿ. ಇಲ್ಲಿಗೆ ನಿಮ್ಮ ಕಥೆ ಮುಗಿಯುತ್ತದೆ.

ನನ್ನದು ಮುಗಿಯುವುದಿಲ್ಲ. ಮರಳಿ ಬಂದು ವಿಭಾಗದ ಕುರ್ಚಿಯಲ್ಲಿ ಕುಳಿತ ಎರಡನೇ ತಿಂಗಳು ಹೊಸ ವರ್ಷದ ಕಾರ್ಯಭಾರದ ಪಟ್ಟಿ ನನ್ನ ಸಹಿಗೆ ಬಂತು. ಹಿಂದಿನ ವರ್ಷ ನಮ್ಮಲ್ಲಿ ಆರು ಅತಿಥಿ ಉಪನ್ಯಾಸಕರಿದ್ದರು, ಆ ಸಲ ಐದು. ಬಿಟ್ಟುಹೋಗಿದ್ದ ಹೆಸರು ಸಿದ್ದೇಶ. ಪಕ್ಕದಲ್ಲಿ ‘ಕಾರ್ಯಭಾರ ಕಡಿಮೆ’ ಎಂದು ಬರೆದಿತ್ತು. ಯಾರಿಗಾದರೂ ಗೊತ್ತಾಗಿತ್ತೋ, ಅಥವಾ ನಿಜವಾಗಿಯೇ ಪಾಠದ ಗಂಟೆ ಕಡಿಮೆಯಾಗಿತ್ತೋ, ಇಂದಿಗೂ ನನಗೆ ತಿಳಿಯದು. ಯಾಕೆ ತಿಳಿಯದು? ಕೇಳಲಿಲ್ಲ, ಅದಕ್ಕೆ. ಕೇಳಿದರೆ ಅವರ ಮೇಲೆ ಕಣ್ಣು ಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವಿತ್ತು. ಐದು ತಿಂಗಳ ಗಲಾಟೆಯಿಂದ ದಣಿದಿದ್ದೆ, ಇನ್ನೊಂದು ಜಗಳ ನನಗೆ ಬೇಕಿರಲಿಲ್ಲ ಎನ್ನುವುದರಲ್ಲಿ ಹೆಚ್ಚು ನಿಜವಿತ್ತು. ಸಹಿ ಹಾಕಿದೆ. ಆ ದಿನ ಯಾವ ಫೋನೂ ಬರಲಿಲ್ಲ.

ಸಿದ್ದೇಶ ಒಂದು ಮಾತೂ ಕೇಳದೆ ಹೋದರು. ಎರಡು ವರ್ಷ ನಾನೂ ವಿಚಾರಿಸಲಿಲ್ಲ.

ಕಳೆದ ತಿಂಗಳು ಚನ್ನರಾಯಪಟ್ಟಣದಲ್ಲಿ ಒಂದು ಮದುವೆಗೆ ಹೋದಾಗ ವಿಳಾಸ ಹುಡುಕಿಕೊಂಡು ಹೋದೆ. ಬಸ್ ನಿಲ್ದಾಣದ ಹತ್ತಿರ, ರಸಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಪರೀಕ್ಷೆಗೆ ಓದುವವರಿಗೆ ಅಲ್ಲಿ ಪಾಠ ಹೇಳುತ್ತಾರೆ. ಮೆಟ್ಟಿಲ ಮೇಲೆಯೇ ನಿಂತು ಕೇಳಿಸಿಕೊಂಡೆ. ಗ್ರಾಮಸಭೆಯ ಅಧಿಕಾರದ ಬಗ್ಗೆ ಹೇಳುತ್ತಿದ್ದರು. ನಮ್ಮ ವಿಭಾಗದಲ್ಲಿ ನಾನೂ ಸೇರಿದಂತೆ ಯಾರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಪಾಠ ಮುಗಿಸಿ ಬಂದರು. ನನಗೆ ಕುರ್ಚಿ ಹಾಕಿ ತಾವು ಬೆಂಚಿನ ಮೇಲೆ ಕುಳಿತರು. “ಆ ಪಟ್ಟಿಗೆ ಸಹಿ ಹಾಕಿದ್ದು ನಾನೇ ಸಿದ್ದೇಶ” ಎಂದೆ.

“ಗೊತ್ತು ಮೇಡಂ.”

“ಒಂದು ಮಾತು ನನ್ನ ಕೇಳಬಹುದಿತ್ತು.”

“ಏನಂತ ಕೇಳಾದು ಮೇಡಂ? ನೀವು ಅಧ್ಯಕ್ಷರು, ನಿಜ. ಆದ್ರೆ ಯಾರ್ಗೆ ಅಧ್ಯಕ್ಷರು? ಸಂಘ ಇದೆ ಅಂದ್ರಲ್ಲ ಅವತ್ತು, ಅದ್ರಲ್ಲಿ ನಾನಿರ್ಲಿಲ್ವಲ್ಲ.” ಮತ್ತೆ ಹೇಳಿದರು: “ಸರ್ಕಾರ ಕೇಳ್ದಾಗ ನೀವು ನನ್ನ ಹೆಸ್ರು ಹೇಳ್ಲಿಲ್ಲ. ಅದು ದೊಡ್ಡದು, ನಾನು ಮರೆಯಾಕಿಲ್ಲ. ಆದ್ರೆ ಆ ಪಟ್ಟೀಲಿ ನನ್ನ ಹೆಸ್ರು ಇಲ್ದಾಗ್ಲೂ ಯಾರೂ ಹೇಳ್ಲಿಲ್ಲ ಮೇಡಂ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಳಗಿನ ಹೋಟೆಲಿಂದ ಟೀ ತರಿಸಿದರು. ನಾನು ಕುಡಿದೆ.

ಸ್ನೇಹಿತರೇ, ನಾನು ಆರು ವರ್ಷ ಅಧ್ಯಕ್ಷೆಯಾಗಿದ್ದೆ. ನಮ್ಮಲ್ಲಿ ಕಾಯಂ ಅಧ್ಯಾಪಕರು ಅರವತ್ತನಾಲ್ಕು, ಅತಿಥಿ ಉಪನ್ಯಾಸಕರು ನೂರ ಹದಿನೆಂಟು. ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಆ ಆರು ವರ್ಷದಲ್ಲಿ ಅವರು ಎರಡು ಸಲ ಮನವಿ ಕೊಟ್ಟರು. ಅವರು ಬಂದರೆ ನಮ್ಮ ಮತಕ್ಕೆ ಏನು ಬೆಲೆ ಉಳಿಯುತ್ತದೆ ಎಂದು ಹರ್ಷವರ್ಧನ್ ಕೇಳಿದರು. ಅವರೊಬ್ಬರನ್ನೇ ಯಾಕೆ ದೂರಲಿ? ನನಗೂ ಹಾಗೆಯೇ ಅನಿಸಿತ್ತು. ಎರಡು ಸಲವೂ ‘ಮುಂದಿನ ಸಭೆಗೆ’ ಎಂದು ಬರೆದು ಕಡತ ಮುಚ್ಚಿದವಳು ನಾನೇ. ಸರ್ಕಾರ ನಮ್ಮ ಬಾಗಿಲು ತಟ್ಟಿ ಒಳಗೆ ಬರಬಾರದು ಎಂದೆವು, ಸರಿ. ನಮ್ಮ ಪಾಠಗಳಲ್ಲಿ ಮುಕ್ಕಾಲು ಪಾಲನ್ನು ಮಾಡುವವರನ್ನು ಬಾಗಿಲ ಹೊರಗೇ ನಿಲ್ಲಿಸಿ ಯಾವ ಸ್ವಾಯತ್ತತೆಯನ್ನು ಉಳಿಸಿದೆವು? ಕಾಯಂ ನೌಕರಿಯವಳಿಗೇ ಪೆನ್ನಿನ ಮುಚ್ಚಳ ತೆಗೆಯುವಷ್ಟು ಭಯವಾಯಿತಲ್ಲ, ಹತ್ತು ತಿಂಗಳ ಕೆಲಸದವರು ನಾಳೆ ಎಂಥ ಪ್ರಶ್ನೆ ಬರೆದಾರು?

ಒಂಬತ್ತು ದಿನ ನಾನು ಇನ್ನೂ ಈ ಸಂಘದ ಸದಸ್ಯೆ. ಶನಿವಾರ ಸರ್ವಸದಸ್ಯರ ಸಭೆ ಇದೆ. ಅತಿಥಿ ಉಪನ್ಯಾಸಕರಿಗೆ ಪೂರ್ಣ ಸದಸ್ಯತ್ವ, ಮತದ ಹಕ್ಕೂ ಸೇರಿದಂತೆ, ಕೊಡಬೇಕೆಂಬ ಬೈಲಾ ತಿದ್ದುಪಡಿಯನ್ನು ಬರೆದು ತಂದಿದ್ದೇನೆ. ಸೂಚಕರ ಜಾಗದಲ್ಲಿ ನನ್ನ ಸಹಿ ಇದೆ. ಅನುಮೋದಕರ ಜಾಗ ಖಾಲಿ ಇದೆ. ಅನುಮೋದಕರಿಲ್ಲದೆ ಅಧ್ಯಕ್ಷರು ಇದನ್ನು ಸಭೆಯ ಮುಂದೆ ಇಡುವಂತಿಲ್ಲ. ಆ ನಿಯಮ ಮಾಡಿದ್ದೂ ನಾನೇ.

ಹಾಳೆಯನ್ನು ಈ ಮೇಜಿನ ಮೇಲೆ ಇಡುತ್ತಿದ್ದೇನೆ, ಪಕ್ಕದಲ್ಲಿ ಪೆನ್ನಿದೆ. ಶಾಲು, ಹಾರ, ನೀವು ಆಡಿದ ಒಳ್ಳೆಯ ಮಾತು ಎಲ್ಲಕ್ಕೂ ಮನಸಾರೆ ಕೃತಜ್ಞತೆಗಳು. ಕಾಫಿ ಕುಡಿಯಲು ಹೊರಡುವ ಮುನ್ನ ಯಾರಾದರೂ ಒಬ್ಬರು ಮೇಜಿನ ಬಳಿಗೆ ಬರುತ್ತೀರಿ ಎಂದುಕೊಂಡು, ನಾನು ಇಲ್ಲೇ ನಿಂತಿರುತ್ತೇನೆ.

ನಮಸ್ಕಾರ.