ಬೆಳಕಿಗೆ ಹಿಡಿದ ಹಾಳೆ

ಎರಡು ಸಾವಿರದ ಇಪ್ಪತ್ತೊಂದರ ಆಗಸ್ಟ್. ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ನಮ್ಮ ಹನ್ನೊಂದನೇ ಮಹಡಿಯ ಮನೆಗೆ ಸಂಜೆಯ ಮಳೆ ಹಿಡಿದಿತ್ತು. ಅತ್ತೆ ಕಾಂತಮ್ಮ ಒಂಬತ್ತು ದಿನದಿಂದ ಕೋವಿಡ್ ವಾರ್ಡಿನಲ್ಲಿದ್ದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನಮಗೆ ಅಳುವುದೂ ಮರೆತುಹೋಗಿತ್ತು. ಹೋಟೆಲಿನಿಂದ ತಪಾವ್ ಕಟ್ಟಿಸಿ ತಂದ ಅನ್ನ ತಿನ್ನುತ್ತ, ಏನಾದರೂ ಮಾತಾಡಬೇಕಲ್ಲ ಎಂದು ನಾನು ಹೇಳಿದೆ: ಉಸಿರಾಟದ ಯಂತ್ರಗಳಿಗೆ ನಮ್ಮ ಫ್ಯಾಕ್ಟರಿ ಮಾಡುವ, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳ ಒಂದು ಲಾಟನ್ನು, ಅರ್ಜೆಂಟ್ ಎಂದರೆಂದು, ಪರೀಕ್ಷಿಸದೆ ಪಾಸ್ ಮಾಡಿದ್ದೆ. ನಾಳೆ ಬೆಳಿಗ್ಗೆ ಅದು ಹೊರಡುತ್ತದೆ.

ಮಾವ ಸದಾನಂದರು ತಟ್ಟೆ ದೂಡಿದರು. ನನ್ನನ್ನೂ ಹೆಂಡತಿ ರತ್ನಳನ್ನೂ ಹತ್ತಿರ ಕೂರಿಸಿಕೊಂಡರು.

“ಆ ಫೋನ್ ಕೆಳಗಿಡು ಲೋಕೇಶ, ಕೇಳು. ನನ್ನಮ್ಮನ ಅಪ್ಪ ಇದೇ ಪೆನಾಂಗಲ್ಲಿ ರಬ್ಬರ್ ಗೋದಾಮಿನಲ್ಲಿ ಕೆಲ್ಸಕ್ಕಿದ್ರು... ಮೊದಲನೇ ಮಹಾಯುದ್ಧದ ಕಾಲ. ಬ್ರಿಟಿಷರ ಸಬ್‌ಮರೀನಿಗೆ ಬ್ಯಾಟರಿ ಪೆಟ್ಟಿಗೆ ಬೇಕು, ಪೆಟ್ಟಿಗೆಗೆ ರಬ್ಬರ್ ಬೇಕು. ಒಂದೊಂದು ಹಾಳೆಯನ್ನೂ ಕಿಟಕಿ ಬೆಳಕಿಗೆ ಹಿಡಿದು, ತೂತಿಲ್ಲ ಅಂತ ನೋಡಿ ಮುದ್ರೆ ಒತ್ತಬೇಕು... ಇಲ್ಲದಿದ್ರೆ ಆಸಿಡ್ ಸೋರಿ, ಸಮುದ್ರದ ನೀರಿಗೆ ಸೇರಿ, ವಿಷಗಾಳಿ ಏಳ್ತದೆ. ನೀರಿನಡಿ ಕಿಟಕಿ ತೆಗೀಲಿಕ್ಕಾಗ್ತದಾ? ಗೋದಾಮಿನ ಬಿಳಿ ದೊರೆ ಬಂದು, ಯುದ್ಧ ಕಾಯುವುದಿಲ್ಲ, ಒತ್ತು ಅಂದ. ಅಜ್ಜ ಇಡೀ ರಾಶಿಗೆ ಕಣ್ಣುಮುಚ್ಚಿ ಒತ್ತಿದ್ರು.

“ಮರುವರ್ಷ ಊರಿಗೆಲ್ಲ ಇನ್‌ಫ್ಲೂಯೆಂಜಾ. ಅಜ್ಜಿ ಮಲಗಿದ್ರು. ಮಟಮಟ ಮಧ್ಯಾಹ್ನ ಅಜ್ಜ ಗಂಜಿ ಹಿಡ್ಕೊಂಡು ಒಳಗೆ ಹೋದ್ರೆ, ಮಂಚದ ಪಕ್ಕ ಒಬ್ಬ ಬಿಳಿ ನಾವಿಕ... ಬಟ್ಟೆಯಿಂದ ನೀರಿಳೀತಾ ಉಂಟು, ಕೈಯಲ್ಲಿ ರಬ್ಬರ್ ಹಾಳೆ. ಅದನ್ನು ಬೆಳಕಿಗೆ ಹಿಡಿದ. ಸೂಜಿಮೊನೆಯಷ್ಟು ತೂತು. ‘ಒತ್ತುವ ಮೊದ್ಲು ನೋಡಿದ್ಯಾ?’ ಅಂದ, ಅಷ್ಟೆ. ಅಜ್ಜ ಹೆದರಿ, ನೋಡಿದ್ದೆ ಅಂದ್ರು. ಸಂಜೆಗೆ ಅಜ್ಜಿ ಹೋದ್ರು. ವಾರ ಕಳೀಲಿಲ್ಲ, ಮಗಳಿಗೆ ಜ್ವರ... ಆ ನಾವಿಕ ಮತ್ತೆ ಬಂದು ಕೂತ. ಈ ಸಲ ಅಜ್ಜ, ನೋಡ್ಲಿಲ್ಲ, ತಪ್ಪಾಯ್ತು ಅಂದ್ರು. ಗೋದಾಮಿಗೆ ಹೋಗಿ ಹಾಗೇ ಬರೆದೂ ಕೊಟ್ರು. ಕೆಲ್ಸ ಹೋಯ್ತು, ಮಗಳು ಉಳಿದ್ಲು. ಅವಳು ಉಳೀದಿದ್ರೆ ನಾನೆಲ್ಲಿ ಹುಟ್ತಿದ್ದೆ?”

“ಅಪ್ಪಾ, ಈಗ ಯಾಕೆ ಇದೆಲ್ಲ?” ರತ್ನ ಕೇಳಿದಳು.

“ಬೆಳಿಗ್ಗೆ ವಿಡಿಯೋ ಕಾಲಲ್ಲಿ ನಿನ್ನಮ್ಮ ಕೇಳಿದ್ಲು... ಪಕ್ಕದಲ್ಲಿ ಕೂತವನು ಯಾರು, ಮೈಯೆಲ್ಲ ಒದ್ದೆ, ನರ್ಸ್ ಕೂಡ ಅವನಿಗೆ ಏನೂ ಹೇಳುವುದಿಲ್ಲ ಅಂತ. ಜ್ವರದ ಮಾತು ಅಂದ್ಕೊಂಡಿದ್ದೆ, ಈಗ ಇವನ ಬಾಯಿಂದ ಆ ಲಾಟಿನ ಮಾತು ಕೇಳುವವರೆಗೆ. ಅವನು ಅವಳ ಹತ್ರ ಬೇರೇನೂ ಕೇಳಲಿಲ್ವಂತೆ, ಲೋಕೇಶ... ‘ನಿನ್ನ ಅಳಿಯ ಎಲ್ಲಿ’ ಅಂತ ಮಾತ್ರ ಕೇಳ್ತಾ ಕೂತಿದ್ದಾನಂತೆ. ಈಗ ಎತ್ತು ಆ ಫೋನನ್ನು. ಫ್ಯಾಕ್ಟರಿಗೆ ಮಾಡು.”