ಮೊದಲು ಬರೆದ ಹೆಸರು

ಅಯ್ಯ, ಆ ಕುರ್ಚಿ ಬ್ಯಾಡ ಹರ್ಷದಾ, ಅದರ ಒಂದು ಕಾಲು ಅಲ್ಲಾಡ್ತೈತಿ. ಇಲ್ಲಿ ಬಾ, ಫ್ಯಾನಿನ ಕೆಳಗ ಕುಂಡ್ರು. ಹಾಂ, ಏನ್ ಕೇಳಿದಿ? ಕಿರಣಗ ಏನ್ ಕೇಳಿದ್ರು ಅಂತನಾ? ಇಂಟರ್‌ವ್ಯೂದಾಗ?... ನನಗೇನು ಗೊತ್ತವ್ವಾ! ನಾ ಅಡಿಗಿ ಮನ್ಯಾಗ ಇದ್ದೆ, ಮಿಕ್ಸಿ ಹಚ್ಚಿದ್ದೆ. ನಮ್ಮ ಮಿಕ್ಸಿ ಸಪ್ಪಳ ನಿನಗ ಗೊತ್ತಿಲ್ಲೇನು? ಮುಂದ ನಿಂತು ಒದರಿದ್ರೂ ಕೇಳಂಗಿಲ್ಲ. ಇನ್ನ ಅವ ಬಾಗಲಾ ಹಾಕ್ಕೊಂಡು ಕಂಪ್ಯೂಟರ್ ಮುಂದ ಮಾತಾಡಿದ್ದು ನನಗ ಕೇಳ್ತೈತೇನು?

ಅವ ಇಲ್ಲ. ಸಿಕಂದರಾಬಾದಿಗೆ ಹೋಗ್ಯಾನ, ಸೂಟ್‌ಕೇಸ್ ತರಾಕ. ಪುಣೆಕ್ಕ ಹೊಂಟಾನಲ್ಲ... ನಿನಗ ಹೇಳಿರಬೇಕಲ್ಲ? ಮೆಸೇಜ್ ಹಾಕಿದ್ನಾ? ಬರೇ ಮೆಸೇಜ್? ಫೋನ್ ಮಾಡಲಿಲ್ಲಾ?... ಗಡಿಬಿಡಿ ನೋಡು. ನಿನ್ನಿ ಮೇಲ್ ಬಂದಾಗಿಂದ ಮನಿ ಅನ್ನೂದು ಸಂತಿ ಆಗೈತಿ. ಚಹಾ ಇಡ್ಲಿ? ಬ್ಯಾಡಾ? ಅರೆ, ಮೊದಲ ಬಾಗಲದಾಗಿಂದ 'ಮೌಶಿ ಚಹಾ' ಅನ್ಕೋತ ಬರ್ತಿದ್ದಿ, ಇವತ್ತ ಏನಾತು? ಬಿಸಲು ಹತ್ತೈತಿ. ಪಟಾನ್‌ಚೆರುದಿಂದ ಮಲ್ಕಾಜ್‌ಗಿರಿ ಅಂದ್ರ ಸುಮ್ನ ಅಲ್ಲ, ಎರಡು ಬಸ್ ಬದಲಿ ಮಾಡಿ ಬಂದಿರಬೇಕು. ಮೊದಲ ನೀರು ಕುಡಿ. ಆ ಚೀಲಾನಾದ್ರೂ ತೊಡಿ ಮ್ಯಾಲಿಂದ ಕೆಳಗ ಇಡು. ಬ್ಯಾಡಾ? ಇರಲಿ, ಇರಲಿ.

ನಮ್ಮ ಮನಿಯವರು ರೈಲ್ವೆ ಸ್ಟೇಷನ್ನಿನ್ಯಾಗ ತಮ್ಮ ಜೋಡಿ ಕೆಲಸ ಮಾಡಾವ್ರಿಗೆ ಎಲ್ಲಾರಿಗೂ ಪೇಢೆ ಹಂಚ್ಯಾರ. ಎದುರ ಮನಿ ಮೋಹನ ಏನಂದ ಗೊತ್ತೇನು? 'ಸಿದ್ದರಾಮಪ್ಪನೋರ, ಓದಾಕ ನಾವು ಫೀಸ್ ಕಟ್ಟೂದು ಕೇಳೇವ್ರಿ. ಓದಿದ್ದಕ್ಕ ಅವರ ತಿಂಗಳಾ ತಿಂಗಳಾ ರೊಕ್ಕ ಕೊಡೂದು, ಇರಾಕ ಹಾಸ್ಟೆಲ್ ಕೊಡೂದು ಎಲ್ಲಿ ಕೇಳೇವ್ರಿ? ಫ್ರಾಡ್ ಇರಬೇಕು. ಓಟಿಪಿ ಕೇಳಿದ್ರ ಕೊಟ್ಟೀರಿ ಮತ್ತ!' ಅಂದ. ನಮ್ಮವರು ಅಂಜಿ, ಬ್ಯಾಂಕಿಗೆ ಹೋಗಿ ಕೇಳ್ಕೊಂಡು ಬಂದ್ರು!

ಹಾಂ, ನಕ್ಕಿ ನೋಡು! ನೀ ನಕ್ಕರ ನನ್ನ ಎದಿ ಜರಾ ಹಗರ ಆಗ್ತೈತಿ. ಬಂದಾಗಿಂದ ಹಂಗ ಸಪ್ಪಗ ಕುಂತೀಯಲ್ಲ...

ನಗಾಡಿದ್ದು ಸಾಕಾಗಿತ್ತು ತಂಗಿ. 'ಮಗ ಇನ್ನೂ ಓದಾಕತ್ತಾನೇನ್ರಿ? ಮೀಸಿ ಬೆಳ್ಳಗಾದ ಮ್ಯಾಲ ನೌಕರಿ ಮಾಡ್ತಾನೇನ್ರಿ?' ಯಾರ ಲಗ್ನಕ್ಕ ಹೋದ್ರೂ ಇದ ಮಾತು. ಕಲಬುರ್ಗಿಯಿಂದ ನಮ್ಮಣ್ಣ ಫೋನ್ ಮಾಡಿದ್ರ ನಾ ತಗೋತಿದ್ದಿಲ್ಲ. ಈಗ? ಈಗ ಐದು ವರ್ಷ ಫೆಲೋಶಿಪ್! ಕಂಪ್ಯೂಟರಿನ್ಯಾಗ ಪಿಎಚ್‌ಡಿ! ದೇಶದಾಗ ಎಷ್ಟ ಮಂದಿ ಅರ್ಜಿ ಹಾಕಿದ್ರು, ಇದ್ದದ್ದು ಒಂದ ಸೀಟು, ಅದು ನಮ್ಮ...

...ಒಂದ ಸೀಟು. ಹೌದು. ನೀನೂ ಹಾಕಿದ್ದಿ. ಗೊತ್ತೈತಿ ನನಗ.

ಏನಂದಿ? ಐದ ಮಿನಿಟಿಗೆ ಕಳಿಸಿದ್ರಾ? ನಿನ್ನ? ನೀವಿಬ್ಬರೂ ಕೂಡಿ ಬರದ ಪೇಪರಿನ ಮಾತ ಎತ್ತಲಿಲ್ಲಾ? ಒಂದೂ ಪ್ರಶ್ನೆ...? ಯಾಕೋ ಏನೋ ಯವ್ವಾ. ದೊಡ್ಡ ಮಂದಿ, ಅವರಿಗೆ ನೂರಾ ಎಂಟು ಕೆಲಸ. ಕಿರಣಂದು ಮುಂಜಾನೆ ಇತ್ತು, ನಿಂದು ಮಧ್ಯಾಹ್ನ ಇತ್ತಲ್ಲ? ದಣಿದಿರಬೇಕು. ಉಂಡ ಮ್ಯಾಲ ಎಲ್ಲಾರಿಗೂ ನಿದ್ದಿ ಬರ್ತೈತಿ, ಪ್ರೊಫೆಸರ್ ಆದ್ರೇನು, ನಮ್ಮವರಂಗ ರೈಲ್ವೆ ಪಾಯಿಂಟ್ಸ್‌ಮನ್ ಆದ್ರೇನು! ಅದಕ್ಕ ನನ್ನ ಮುಖಾ ಯಾಕ ಹಂಗ ನೋಡ್ತಿ? ನಾ ಏನು ಕುಂಬಳಕಾಯಿ ಕಳ್ಳಿ ಅಲ್ಲ, ಹೆಗಲ ಮುಟ್ಟಿ ನೋಡ್ಕೊಳಾಕ.

ಸೆಕಿ ಭಾಳ ಐತಿ. ಕಿಟಕಿ ತೆಗೀತೀನಿ ತಡಿ. ಅಯ್ಯ, ತೆಗದ ಐತಿ.

ನಿಮ್ಮಪ್ಪ ಏನಂತಾರ? ಕಲ್ಯಾಣಪ್ಪನೋರು ಒಪ್ಪಿದ್ರೇನು, ಮುಂದಿನ ವರ್ಷ ಇನ್ನೊಮ್ಮಿ ಹಾಕಾಕ?... ಇಲ್ಲಾ? ಸೋಮವಾರದಿಂದನಾ? ಆ ಕೋಚಿಂಗ್ ಕಾಲೇಜಿಗಾ?... ಹೋಗಲಿ ಬಿಡು, ಛಲೋ ಆತು! ಹೈದರಾಬಾದಿನ್ಯಾಗ ಗಣಿತ ಹೇಳಿಕೊಡಾವ್ರಿಗೆ ಏನ್ ಕಮ್ಮಿ ಮರ್ಯಾದಿ? ರಸ್ತೆಕ್ಕ ಒಂದೊಂದು ಫೋಟೋ ಹಾಕಿರ್ತಾರ, ನಿಂದೂ ಹಾಕ್ತಾರ. ಮುಂಜಾನೆ ಆರಕ್ಕ ಕ್ಲಾಸ್ ಚಾಲೂ ಆದ್ರ ರಾತ್ರಿ ತನಕ ಪುರುಸೊತ್ತು ಇರಂಗಿಲ್ಲ ಅಂತಾರ, ಖರೆ. ಓದಾಕ, ವಿಚಾರ ಮಾಡಾಕ... ಅದ ಒಂದು... ಆದ್ರೂ ಸಂಬಳ ಛಲೋ ಅಲ್ಲೇನು? ಫೆಲೋಶಿಪ್ಪಿಗಿಂತ ಜಾಸ್ತಿನ ಬಂದೀತು! ಹಂಗ ನೋಡಿದ್ರ ನಿನಗ ಲಾಭ ಆತು.

...ನಾ ಸುಮ್ನ ಅಂದೆ. ಕಣ್ಣಾಗ ನೀರು ತರಬ್ಯಾಡ. ಲಾಭ ಅನ್ನಬಾರದಿತ್ತು.

ಏನ್ ನೋಡಾಕತ್ತೀ? ಬಾಲ್ಕನಿ ಗ್ವಾಡಿನಾ? ಹಾಂ... ಒರಸೀವಿ. ಕಿರಣ ಒರಸಿದ. ಚಾಕಿಲೆ ಲೆಕ್ಕ ಮಾಡಾಕ ಬಳದ ಆ ಕರಿ ಬಣ್ಣದ ಮ್ಯಾಲ ನೀ ಚುಕ್ಕಿ ಇಟ್ಟು ಇಟ್ಟು, ಗೆರಿ ಎಳದು ಎಳದು... ಮೊದಲ ದಿನ ನಾ ರಂಗೋಲಿ ಅನ್ಕೊಂಡು, 'ಕಾರಿಡಾರಿನ್ಯಾಗ ಹಾಕವ್ವಾ, ಗ್ವಾಡಿ ಮ್ಯಾಲ ಯಾಕ' ಅಂದಿದ್ದೆ. ನೀವಿಬ್ಬರೂ ಬಿದ್ದು ಬಿದ್ದು ನಕ್ಕಿದ್ರಿ! ಒಂದು ವರ್ಷ ಇತ್ತು ಅದು. ನಾ ಕಸಬರಗಿ ಸೈತ ತಾಕಿಸಿದ್ದಿಲ್ಲ. ಯುಗಾದಿಗೆ ಮನಿ ತೊಳದಾಗೂ ಅದನ್ನ ಬಿಟ್ಟಿದ್ದೆ. ಇಂಟರ್‌ವ್ಯೂ ಮುಗಿಸಿ ಹೊರಗ ಬಂದವನ, ಅವ ಮೊದಲ ಆ ಗ್ವಾಡಿ ಒರಸಿದ. ಯಾಕೋ ಅಂತ ನಾ ಕೇಳಲಿಲ್ಲ.

ಆ ದಿನ ನೆನಪೈತೇನು ನಿನಗ? ಗ್ವಾಡಿ ನೋಡ್ಕೋತ ನಿಂತಿದ್ದಿ. ಕೈಯಾಗ ಅರ್ಧ ರೊಟ್ಟಿ, ಅದರ ಮ್ಯಾಲ ಶೇಂಗಾ ಹಿಂಡಿ, ಖಾರದ ಚಟ್ನಿ ಪುಡಿ. ಒಮ್ಮಿಗೆ 'ಬಂತು ಮೌಶಿ, ಬಂತು!' ಅಂದಿ. ನಾ ಗ್ಯಾಸ್ ಬಂತೇನೋ ಅನ್ಕೊಂಡು ಬಾಗಲಕ್ಕ ಓಡಿದೆ! ನೀ ಹಿಂಡಿ ಕೈಲೆ ಚಾಕ್ ಹಿಡಕೊಂಡು ಬರಿಯಾಕ ನಿಂತಿ, ಗೆರಿ ಎಲ್ಲಾ ಕೆಂಪಗ ಆಗಿದ್ವು. ಕಿರಣ ಒಳಗ ಮಲಗಿದ್ದ. ನಾನ ಅವನ್ನ ಎಬ್ಬಿಸಿದೆ, 'ಏಳೋ, ಹರ್ಷದಾಗ ಬಂತಂತ' ಅಂತ. ಅವ ಬಂದು ನೋಡಿ, ನೋಡಿ, ನೆಲದ ಮ್ಯಾಲ ಕುಂತುಬಿಟ್ಟ...

ಇದನ್ನ ಯಾಕ ಹೇಳಿದೆ ನಾ ಈಗ?

ನೋಡವ್ವಾ, ನೀ ಏನ್ ವಿಚಾರ ಮಾಡಾಕತ್ತೀ ಅಂತ ನನಗ ಗೊತ್ತೈತಿ. ಪೇಪರಿನ ಮ್ಯಾಲ ಅವನ ಹೆಸರು ಮೊದಲ ಐತಿ. ಅದಕ್ಕ ಅವ ಏನ್ ಮಾಡ್ಯಾನು? ನೀವ ಹೇಳಿದ್ರಿ ನನಗ ಅವತ್ತ. ಗಣಿತದಾಗ ಯಾರು ಎಷ್ಟ ಮಾಡಿದ್ರು ಅಂತ ನೋಡಂಗಿಲ್ಲ, ಎಬಿಸಿಡಿ ನೋಡ್ತಾರ, ಹಾಜರಿ ಕೂಗಿದಂಗ. ಕಿರಣಂದು ಪೂರಾ ಹೆಸರು ಬಸವಕಿರಣ, ಅದು ಮೊದಲ, ಹರ್ಷದಾ ಆಮ್ಯಾಲ. ಲಗ್ನಪತ್ರಿಕ್ಯಾಗ ಹಿರೇರ ಹೆಸರು ಮೊದಲ ಹಾಕಂಗಿಲ್ಲೇನು? ಹಂಗ. ಖರ್ಚು ಯಾರು ಮಾಡಿದ್ರು ಅನ್ನೂದು ಅದರಾಗ ಇರಂಗಿಲ್ಲ. ಆದ್ರ ಈ ಕಂಪ್ಯೂಟರ್ ಮಂದಿದು ಬ್ಯಾರೆ ರೀತಿ. ಗುಡಿ ಕಲ್ಲಿನ್ಯಾಗ ಕೆತ್ತಿಸಿದಂಗ, ದೊಡ್ಡ ದೇಣಿಗಿ ಕೊಟ್ಟವನ ಹೆಸರು ಮ್ಯಾಲ. ಅವರು ಪೇಪರ್ ನೋಡಿದ್ರು, ಮೊದಲನೇ ಹೆಸರು ನೋಡಿದ್ರು, 'ಹಂಗಾರ ಇದು ನಿಂದ ಐಡಿಯಾ' ಅಂದ್ರು. ತಪ್ಪು ತಿಳಕೊಂಡಾವ್ರು ಅವರು! ನಮ್ಮ ಹುಡುಗ ಬಾಯಿ ತೆಗದು ಕೇಳಿದ್ನೇನು, ಹಂಗ ತಿಳಕೋರಿ ಅಂತ?

...ಹೆಂಗ ಗೊತ್ತಂದ್ರ? ಅವ ಹೇಳಿದ. ರಾತ್ರಿ ಉಣ್ಣಾಕ ಕುಂತಾಗ ಹೇಳಿದ.

ಹೇಳಿದ ಅಂದ್ರ ಹೇಳಿದ!

ಹಂಗ ನೋಡಬ್ಯಾಡ ಅಂದ್ನಲ್ಲ ನಿನಗ. ಬೈಯೂದಿದ್ರ ಬೈ. ಮುಂಜಾನಿಂದ ಹೊಟ್ಟ್ಯಾಗ ಒಂದು ತುತ್ತು ಇಳದಿಲ್ಲ, ನಿದ್ದಿ ಅಂತೂ ಮೊದಲ ಇಲ್ಲ. ಬಾಗಲಾ ಬಡದಾಗ ನೀನ ಅಂತ ಗೊತ್ತಾತು. ಇವತ್ತಲ್ಲ ನಾಳಿ ಬರಾಕಿ ಅಂತ ಗೊತ್ತಿತ್ತು. ಇಂಟರ್‌ವ್ಯೂ ದಿನ ನಾ ಎಲ್ಲಾ ಸಪ್ಪಳ ಬಂದ್ ಮಾಡಿದ್ದೆ ತಂಗಿ. ಮ್ಯಾಲಿನ ಮನಿ ತಾರಾಗ ಹೇಳಿ ಟೀವಿ ಬಂದ್ ಮಾಡಿಸಿದ್ದೆ. ಆಕಿ ಮಗಳು ಪಿಂಕಿ ಕುಣೀತಾಳ ಅಂತ ಪಾರ್ಕಿಗೆ ಕಳಿಸಿದ್ದೆ. ಕುಕ್ಕರಿನ ಸೀಟಿ ತೆಗದು ಇಟ್ಟಿದ್ದೆ. ಸೂಜಿ ಬಿದ್ರೂ ಕೇಳ್ತಿತ್ತು ಈ ಮನ್ಯಾಗ...

...ಮಿಕ್ಸಿ? ಹಾಂ, ಮಿಕ್ಸಿ ಅಂದಿದ್ದೆ.

ಹಚ್ಚಿರಲಿಲ್ಲ. ನಾ ಬಾಗಲಕ್ಕ ಕಿವಿ ಹಚ್ಚಿ ನಿಂತಿದ್ದೆ. ಅಷ್ಟು ಇಂಗ್ಲಿಷ್ ನನಗೂ ತಿಳೀತೈತಿ. ಅವ ಒಮ್ಮಿಗೇ ಹೂಂ ಅನ್ನಲಿಲ್ಲ ಹರ್ಷದಾ, ದೇವರಾಣಿ! ಒಂದು ಗಳಿಗಿ ಸುಮ್ನಿದ್ದ. ಆ ಒಂದು ಗಳಿಗ್ಯಾಗ ನಾ ಹೊರಗ ನಿಂತು ಏನ್ ಬೇಡಿಕೊಂಡೆ ಹೇಳ್ಲಿ? ಖರೆ ಹೇಳಪಾ ಅಂತ ಬೇಡಿಕೊಳ್ಳಲಿಲ್ಲ. ಬಸವಣ್ಣನ ಹೆಸರಿಟ್ಟು ಬೆಳಸಿದ ಮಗ, ಅವ ಹೂಂ ಅನ್ನಲಿ ಅಂತ ಬೇಡಿಕೊಂಡೆ. ಅವನ ಅವ್ವ ಆಗಿ ಬೇಡಿಕೊಂಡೆ. ಅವ 'ಯಸ್ ಸರ್' ಅಂದ.

ಏನಾರ ಅನ್ನು. ಗ್ವಾಡಿಗೆ ಹೇಳಿದಂಗ ಆಗಾಕತ್ತೈತಿ ನನಗ.

ಅವರಿಗೆ ಬರದು ತಿಳಸಾಕ ಬಂದೀಯೇನು? ಆ ಚೀಲದಾಗ ಅದ ಐತೇನು, ಪೇಪರ್ರು ಗೀಪರ್ರು? ತಿಳಸಿದ್ರ ಹುಡುಗನ ಸೀಟು ಹೋಗ್ತೈತಿ, ಹೆಸರೂ ಹೋಗ್ತೈತಿ. ಇನ್ನೊಮ್ಮಿ ಯಾರೂ ಬಾಗಲಾ ತೆಗ್ಯಾಂಗಿಲ್ಲ ಅವಗ. ಕಾಲು ಬೇಕಾದ್ರೂ ಹಿಡೀತೀನಿ ನಾ. ನೀ ಶಾಣ್ಯಾಕಿ, ನಿನಗ ಇನ್ನೊಂದು ಬರ್ತೈತಿ. ನಿನಗ ಮತ್ತ ಮತ್ತ ಬರ್ತೈತಿ, ಅವಗ... ಅವಗ ಇದೊಂದ.

ನೋಡು, ಎಲ್ಲಾ ಗೊತ್ತಾಗೇ ಬಂದೀ. ಬಂದಾಗಿಂದ ನನ್ನ ಬಾಯಿಂದ ಹೊರಡಿಸಾಕತ್ತೀ. ಹೊಂಟಿತಲ್ಲ, ಇನ್ನೇನು ಉಳೀತು? 'ಹರ್ಷದಾ ಏನ್ ಮಾಡಿದ್ಲು' ಅಂತ ಅವರು ಕೇಳಿದಾಗ ಅವ 'ಟೈಪಿಂಗ್ ಮಾಡಿದ್ಲು ಸರ್' ಅಂದದ್ದೂ ನಿನಗ ಗೊತ್ತೈತಿ...

...ಯಾಕ ಎದ್ದಿ?

ಹರ್ಷದಾ? ಟೈಪಿಂಗ್ ಅಂದದ್ದು... ಅಂದ್ರ... ನಿನಗ ಯಾರೂ ಹೇಳಿರಲಿಲ್ಲಾ? ಅವರೂ? ಏನೂ?... ಹಂಗಾರ ನೀ ಮತ್ತ ಬಂದದ್ದು ಯಾಕ? ಕಿರಣಗ ಏನ್ ಕೇಳಿದ್ರು ಅಂತ ಒಳಗ ಬಂದ ಕೂಡಲೆ ಮೊದಲ ಕೇಳಿದಿಯಲ್ಲ, ಅದು ಯಾಕ ಕೇಳಿದಿ?

...ನಿಂದ ಏನ್ ತಪ್ಪಾತು ಅಂತ ತಿಳ್ಕೊಳಾಕಾ?

ಅಯ್ಯೋ ನನ್ನವ್ವಾ.

ಐದ ಮಿನಿಟಿಗೆ ಕಳಿಸಿದ್ರು ಅಂದಿ. ಪೇಪರಿನ ಮಾತ ಎತ್ತಲಿಲ್ಲ ಅಂದಿ. ಟೈಪಿಂಗ್ ಮಾಡಿದಾಕಿಗೆ ಯಾರು ಏನ್ ಕೇಳ್ತಾರ... ಇಂಟರ್‌ವ್ಯೂ ಆದಾಗಿಂದ ನೀ ನಿಂದ ತಪ್ಪು ಹುಡುಕ್ಕೋತ ಕುಂತೀಯೇನು?

ಹೋಗಬ್ಯಾಡ. ನಿಂದ್ರು. ಚೀಲದಾಗ ಕೈ ಹಾಕಿ ಏನ್ ತೆಗೀತಿ?... ಇದು ನಮ್ಮ ಡಬ್ಬಿ. ಹಿಂಡಿ ಹಾಕಿ ನಾ ನಿಮ್ಮವ್ವಗ ಕಳಿಸಿದ್ದೆನಲ್ಲ, ಅದ. ಇಷ್ಟು ಭಾರ... ಬೇಸನ್ ಉಂಡಿ? ಕಿರಣಗಾ? ಅವಗ ಸೀಟು ಸಿಕ್ಕೈತಿ ಅಂತ ನಿಮ್ಮವ್ವ ಮಾಡಿ ಕಳಿಸ್ಯಾಳಾ? ಇನ್ನೂ ಬೆಚ್ಚಗ ಅದಾವು...

ಹರ್ಷದಾ! ಚಪ್ಪಲಿ ಹಾಕ್ಕೊಳಾಕಾದ್ರೂ ಕುಂಡ್ರು ಜರಾ. ಲಿಫ್ಟ್ ನಡಿಯಾಕತ್ತಿಲ್ಲ, ಮೆಟ್ಟಲಾ ನೋಡ್ಕೊಂಡು ಇಳಿ. ಕೆಳಗ ಕಿರಣನ ಗಾಡಿ ಸಪ್ಪಳ ಕೇಳಾಕತ್ತೈತಿ, ಅವ ಎದುರಿಗೆ ಬರ್ತಾನ... ಕೇಳಸ್ತೇನು ನಿನಗ?

ತಿರುಗಿ ಒಮ್ಮಿ ನೋಡು ನನ್ನ. ನಿಮ್ಮವ್ವ ಯಾವತ್ತೂ ನಮ್ಮ ಡಬ್ಬಿ ಖಾಲಿ ಕಳಿಸಿಲ್ಲ. ನಾನೂ ಅದನ್ನ ತಿರುಗಿ ಖಾಲಿ ಕಳಿಸಿಲ್ಲ... ಈಗ ಇದರಾಗ ಏನ್ ಹಾಕಿ ಕಳಸ್ಲಿ ಹೇಳು, ಏನ್ ಹಾಕಿ ಕಳಸ್ಲಿ ನಿಮ್ಮವ್ವಗ?