ಸೂಗಮ್ಮನ ಹೊಲದ ಸುಳ್ಳು ದಿನ್ನೆ

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಮಾನ್ವಿಯಿಂದ ಮೊದಲ ಬಸ್ಸಿಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಸೈಮಾಳ ತಾಯಿ ಜಾಹೆದಾ ಅವರೇ, ರಾಯಚೂರಿನ ಮೋಜಣಿದಾರ ಬಂಧುಗಳೇ, ಸಭಿಕರೇ,

ಇಂದಿನ ಸನ್ಮಾನಿತೆ ಸೈಮಾಳ ಬಗ್ಗೆ ನಾಲ್ಕು ಮಾತಾಡಲು ಹೇಳಿದ್ದಾರೆ. ನಾನು ಉದಯಕುಮಾರ, ಮೂವತ್ತು ವರ್ಷ ಭೂಮಿ ಅಳೆದವನು. ಸೈಮಾ ನನ್ನ ಕಚೇರಿ ಸೇರಿ ಮೂರು ವರ್ಷ. ಯಾರು ಯಾರಿಗೆ ಕಲಿಸಿದರು? ಅದನ್ನೇ ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಳೆಗಾಲ. ದೇವದುರ್ಗದ ಕಡೆ, ಅರಕೇರಾ ಹತ್ತಿರ ಹೊಸ ಕಾಲುವೆಗಾಗಿ ಡ್ರೋನ್ ಹಾರಿಸಿ ನಕ್ಷೆ ಮಾಡಿದೆವು. ಎತ್ತರ ಸರಿಯಾಗಿ ಸಿಗಬೇಕಾದರೆ ನೆಲದ ಮೇಲೆ ಮೊದಲೇ ಅಳೆದ ಗುರುತುಗಳನ್ನು ಹಾಕಬೇಕು. ಹಾಕಲಿಲ್ಲ. ಎರೆಮಣ್ಣು, ಮೊಣಕಾಲುದ್ದ ಕೆಸರು. ಕೆಸರೊಂದೇ ಕಾರಣವೇ? ಅವಸರವೂ ಇತ್ತು, ಅದು ನನ್ನದು. ನಕ್ಷೆಯಲ್ಲಿ ನಡುವಿನ ಅರವತ್ತು ಎಕರೆ ಎತ್ತರ ಬಂತು. ಅಲ್ಲಿಗೆ ನೀರು ಏರುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ಹದಿನೇಳು ಮನೆಗಳ ಹೊಲ ಯೋಜನೆಯಿಂದ ಹೊರಗೆ ಬಿತ್ತು.

ಆ ಹದಿನೇಳರಲ್ಲಿ ಒಬ್ಬರು, ಸೂಗಮ್ಮ ಎಂಬ ಹಿರಿಯರು, ಕಚೇರಿಗೆ ಬಂದರು. "ಯಪ್ಪಾ, ಮಳಿ ಬಂದ್ರ ಊರ ನೀರೆಲ್ಲ ನಮ್ಮ ಹೊಲದಾಗ ಬಂದು ನಿಂದ್ರತದ. ನಿನ್ನ ಕಾಗದದಾಗ ಅದು ದಿನ್ನಿ ಹೆಂಗಾತು?"

"ಯವ್ವಾ, ಕಂಪ್ಯೂಟರ್ ಸುಳ್ಳು ಹೇಳೂದಿಲ್ಲ" ಎಂದೆ. ಕುರ್ಚಿ ಕೂಡ ಕೊಡಲಿಲ್ಲ. ಕೊಟ್ಟವಳು ಸೈಮಾ.

ಮರುದಿನ ಅವಳು ನಕ್ಷೆ ತಂದು ನನ್ನ ಮುಂದೆ ಹರಡಿದಳು. "ಸರ್, ಇಲ್ಲೊಂದು ಕೆರಿ ಅದ. ನಿಂತ ನೀರಿನ ಅಂಚು ಸುತ್ತಲೂ ಒಂದೇ ಮಟ್ಟ ಇರಬೇಕಲ್ರಿ? ನಮ್ಮ ನಕ್ಷೆದಾಗ ಆ ಅರವತ್ತು ಎಕರೆ ಕಡಿಗಿರೋ ದಂಡಿ, ಆಚಿ ದಂಡಿಗಿಂತ ಒಂದೂಕಾಲು ಮೀಟರ್ ಎತ್ತರ ಬಂದದ. ನೀರು ಹಂಗ ವಾಲಿ ನಿಂದ್ರತದೇನ್ರಿ?"

ಕ್ಯಾಮೆರಾ ಇಡೀ ಹಾರಾಟದಲ್ಲಿ ನೇರ ಕೆಳಗೇ ನೋಡಿತ್ತು. ಆಗ ಲೆನ್ಸಿನ ಸಣ್ಣ ದೋಷವನ್ನು ತಂತ್ರಾಂಶ ನೆಲದ ಉಬ್ಬೆಂದು ತಿಳಿದುಬಿಡುತ್ತದೆ. ಉಬ್ಬು ನನ್ನ ಹೊಟ್ಟೆಗಿದ್ದರೆ ಸಾಕಿತ್ತು.

ಯೋಜನೆ ಅಂತಿಮವಾಗಲು ಆರೇ ದಿನ. ಕೆಸರು ಆರಿರಲಿಲ್ಲ, ಗುರುತು ಹಾಕುವಂತಿಲ್ಲ. ಸೈಮಾ ಮತ್ತೆ ಹಾರಿಸಿದಳು. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಬೇರೆ ಬೇರೆ ಎತ್ತರದಲ್ಲಿ, ಕ್ಯಾಮೆರಾ ಓರೆ ಮಾಡಿ. ಒಂದೇ ಜಾಗವನ್ನು ಹಲವು ಕಡೆಯಿಂದ ಕಂಡಾಗ ಲೆನ್ಸಿನ ತಪ್ಪು ಬೇರೆ, ನೆಲದ ಏರಿಳಿತ ಬೇರೆ ಎಂದು ತಂತ್ರಾಂಶಕ್ಕೆ ಗೊತ್ತಾಯಿತು. ಕೆರೆಯ ದಂಡೆಗಳು ಸಮನಾದವು. ಸೂಗಮ್ಮನ ಹೊಲ ತಗ್ಗಿಗೆ ಇಳಿಯಿತು.

"ಮೊದಲನೇದು ತಪ್ಪು ಅಂತ ಬರೀಬೇಕಾಗತದ್ರಿ" ಎಂದಳು. "ಪರಿಷ್ಕೃತ ನಕ್ಷೆ ಅಂದ್ರ ಸಾಲದೇನು?" ಎಂದೆ. "ಸಾಲದ್ರಿ. ಪರಿಷ್ಕೃತ ಅಂದ್ರ ಯಾರೂ ತೆಗೆದು ನೋಡೂದಿಲ್ಲ."

ಎರಡು ದಿನ ಬರೆಯಲಿಲ್ಲ. ಇದನ್ನು ಹೇಳಬೇಕೆಂದುಕೊಂಡು ಬಂದಿರಲಿಲ್ಲ, ಹೇಳಿಬಿಟ್ಟೆ. ಕೊನೆಯ ದಿನ ಬರೆದೆ, 'ತಪ್ಪು ನನ್ನದು' ಎಂದೇ. ಹದಿನೇಳು ಮನೆಗಳೂ ಯೋಜನೆಗೆ ಸೇರಿದವು. ಬೇಸಿಗೆಯಲ್ಲಿ ನಾನೇ ಆ ಹೊಲಗಳಲ್ಲಿ ನಡೆದು ಅಳೆದೆ. ಅವಳ ನಕ್ಷೆಗೂ ನೆಲಕ್ಕೂ ವ್ಯತ್ಯಾಸ ನಾಲ್ಕು ಬೆರಳು.

ಹೋದ ತಿಂಗಳು ಕಾಲುವೆಗೆ ನೀರು ಬಿಟ್ಟರು. ನೋಡಲು ಹೋದೆ. ಬದುವಿನ ಮೇಲೆ ನಿಂತಿದ್ದ ಸೂಗಮ್ಮ ನನ್ನ ಬೆನ್ನ ಹಿಂದೆ ಹುಡುಕಿದರು. "ಆ ಹುಡುಗಿ ಬಂದಿಲ್ಲೇನಪಾ?" ನಾನೊಬ್ಬನೇ ಬಂದೆ ಎಂದೆ. "ಆಕೀನ ಕರ್ಕೊಂಡು ಬಾ. ಆಮ್ಯಾಲ ನೀನೂ ನೋಡುವಂತಿ."

ನಾಳೆ ಇಬ್ಬರೂ ಹೋಗುತ್ತಿದ್ದೇವೆ. ಇಷ್ಟು ಹೇಳಲು ಬಿಟ್ಟ ಸಂಘಕ್ಕೂ, ತಾಳ್ಮೆಯಿಂದ ಕೇಳಿದ ನಿಮಗೂ ನಾನು ಋಣಿ. ನಮಸ್ಕಾರ.